ಮೊದಲ ಆಟದವರೆಗೆ

ಬೀಸುವ ಪದ ಕಿವಿಗೆ ಬಿದ್ದದ್ದೇ ವೆಂಕೋಬ ನಡೆಯುತ್ತಿದ್ದವನು ನಿಂತುಬಿಟ್ಟ. ಕೋಳಿ ಆಗಷ್ಟೇ ಕೂಗಿತ್ತು. ಯಲಬುರ್ಗಾದ ಆ ಓಣಿಯಲ್ಲಿ, ಕಸ್ತೂರೆಮ್ಮನ ಮನೆಯ ಮಣ್ಣಿನ ಗೋಡೆಯಾಚೆ, ಬೀಸುಕಲ್ಲಿನ ಗರಗರದ ಮೇಲೆ ತೇಲಿ ಬರುತ್ತಿತ್ತು ದನಿ.

ಕಸ್ತೂರೆಮ್ಮನನ್ನು ಕೊಪ್ಪಳಕ್ಕೆ ಕರೆದೊಯ್ಯಲು ಜೊತೆಗೆ ಬಂದಿದ್ದ ನಾಟಕ ಕಂಪನಿಯ ಮಾಲೀಕ ಹಂಪಣ್ಣ ಅವನ ತೋಳು ಹಿಡಿದ.

"ಯಾರ ದನಿಯೋ ಗುಮಾಸ್ತ?"

"ಆಕೀದರಿ ಧಣೇರ. ಅದ ದನಿ."

ಸುಳ್ಳು ಹೇಳಬಹುದಿತ್ತು. ವೆಂಕೋಬನಿಗೆ ಬರಲಿಲ್ಲ.

ಇಪ್ಪತ್ತು ದಿನಗಳ ಹಿಂದೆ ಇದೇ ಗೋಡೆಯ ಬದಿಯಲ್ಲಿ ನಿಂತು ಆ ದನಿಯನ್ನು ಮೊದಲು ಕೇಳಿದವನು ಅವನೇ. ಹಾಡು ಮುಗಿದ ಮೇಲೆ ಒಳಗೆ ಹೋದರೆ ಕಸ್ತೂರೆಮ್ಮ ಬೀಸುಕಲ್ಲಿನ ಸುತ್ತ ಬಿದ್ದ ಹಿಟ್ಟು ಬಳಿದು ತುಂಬುತ್ತಿದ್ದಳು. ಅತ್ತೆ ಪಾರಮ್ಮ ಕೌದಿ ಹೊದ್ದು ಮೂಲೆಯಲ್ಲಿ ಕೂತಿದ್ದಳು. ಹೊಸ ನಾಟಕದಲ್ಲಿ ಒಂದು ಬೀಸುವ ಪದ ಹಾಡಬೇಕು, ಅಷ್ಟೇ ಕೆಲಸ ಎಂದ ವೆಂಕೋಬ. ಛಾಪಾ ಕಾಗದದ ಮೇಲೆ ತಾನೇ ಕರಾರು ಬರೆದ.

ಕರಾರು ಜಾರಿಗೆ ಬರುವುದು ಕೊಪ್ಪಳದಲ್ಲಿ ಮೊದಲ ಆಟದ ದಿನ. ಆದರೆ ಎರಡು ಕಲಮುಗಳು ಹೆಬ್ಬೆಟ್ಟು ಒತ್ತಿದ ಗಳಿಗೆಯಿಂದಲೇ ಇಬ್ಬರನ್ನೂ ಕಟ್ಟಿಹಾಕುತ್ತಿದ್ದವು. ಕಂಪನಿ ಆ ಮನೆಗೆ ಜೋಳ ಕೊಡಬೇಕು. ಕಸ್ತೂರೆಮ್ಮ ಮೊದಲ ಆಟದವರೆಗೆ ಯಾರ ಮುಂದೆಯೂ ಹಾಡಬಾರದು, ತಾಲೀಮಿನಲ್ಲಿ ಕೂಡ. ಬೇರೆ ಕಂಪನಿಯವರ ಕಿವಿಗೆ ಬಿದ್ದರೆ ಹಾರಿಸಿಕೊಂಡು ಹೋಗುತ್ತಾರೆಂಬ ಭಯ. ಹಾಡಿದರೆ ಕರಾರು ರದ್ದು.

"ಹಾಡಬಾರದು, ಅಷ್ಟ ಏನ್ರಿ?" ಅಂದು ಅವಳು ಒಡಕು ದನಿಯಲ್ಲಿ ಕೇಳಿದ್ದಳು. "ನನ್ನ ಬಾಯಿಂದ ಒಂದು ಸೊಲ್ಲು ಹೊರಬಿದ್ರ ಕೇಳ್ರಿ. ಜೋಳ ಇವತ್ತಿಂದ ಬರತೈತಲ್ರಿ?"

ಹಾಡಿ ಹಾಡಿ ಗಂಟಲು ದಣಿದಿದೆ ಎಂದುಕೊಂಡಿದ್ದ ವೆಂಕೋಬ.

ಈಗ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಹಾಡದೆ ಬೀಸುವ ಹೆಂಗಸು ಈ ಸೀಮೆಯಲ್ಲಿ ಎಲ್ಲಿದ್ದಾಳೆ? 'ಬೀಸುವಾಗಿನ ಹಾಡು ಹೊರತು' ಎಂದು ಒಂದು ಸಾಲು ಸೇರಿಸಿದ್ದರೆ ಏನಾಗುತ್ತಿತ್ತು?

"ನಾಳಿಗೆ ಆಟ ಐತಿ," ಹಂಪಣ್ಣ ಹಲ್ಲು ಕಡಿದ. "ಕೋಗಿಲಿ ಬರತೈತಿ ಅಂತ ಕೊಪ್ಪಳದಾಗ ಡಂಗುರ ಸಾರಿಸೇನಿ. ಆಕಿ ಕರಾರು ಮುರದಿದ್ರ ಆಕಿ ಜೋಡಿ ನೀನೂ ಮನಿಗೆ ನಡಿ. ಇಲ್ಲಾ, ಸೀರಿ ಉಟ್ಟು ನೀನ ಬೀಸಾಕ ಕೂಡು."

ಹಂಪಣ್ಣನೇ ಕದ ದೂಡಿದ. ಹಾಡು ನಿಲ್ಲಲಿಲ್ಲ.

ಒಲೆಯ ಮುಂದೆ ಕಸ್ತೂರೆಮ್ಮ ರೊಟ್ಟಿ ತಟ್ಟುತ್ತಿದ್ದಳು, ತುಟಿ ಬಿಗಿದುಕೊಂಡು. ಇಬ್ಬರನ್ನೂ ಕಂಡು ಗಾಬರಿಯಾಗಿ ಎದ್ದಳು.

"ನಾ ಹಾಡಿಲ್ರಿ," ಅದೇ ಒಡಕು ದನಿ. "ಗುರುವಿನಾಣಿ, ಇಪ್ಪತ್ತು ದಿನದಾಗ ಒಂದು ಸೊಲ್ಲೂ ಹಾಡಿಲ್ಲ."

ಹಂಪಣ್ಣ ಅವಳ ತುಟಿ ನೋಡಿದ. ಹಾಡು ಬರುತ್ತಿದ್ದ ಕಡೆ ನೋಡಿದ. ಹೊಟ್ಟೆ ಹಿಡಿದು ನಕ್ಕ.

"ಕರಾರು ಮುರದಿಲ್ಲೋ! ಬದುಕಿದಿ ಗುಮಾಸ್ತ!"

ವೆಂಕೋಬ ನಗಲಿಲ್ಲ. ಮೂಲೆಯಲ್ಲಿ ಎಪ್ಪತ್ತು ದಾಟಿದ ಪಾರಮ್ಮ ಕಂಪನಿಯ ಜೋಳ ಬೀಸುತ್ತ, ಅಂದು ಅವನು ಗೋಡೆಯಾಚೆ ನಿಂತು ಕೇಳಿದ್ದ ಅದೇ ದನಿಯಲ್ಲಿ ಮುಂದಿನ ಸಾಲು ಎತ್ತಿಕೊಂಡಳು.