ಸುಟ್ಟ ಲಾಕು

"ನೀವು ವಕೀಲರನ್ನ ಕೇಳ್ಕೊಂಡು ಬಂದ್ರೂ ಅಷ್ಟೆ ವಾಸಪ್ಪಣ್ಣ, ನಾನೀ ಸಾಫ್ಟ್‌ವೇರ್ ಬಿಚ್ಚಿ ನೋಡಲ್ಲ," ಎಂದಳು ಶಾಲಿನಿ. ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಅವಳ ಡಿಟಿಪಿ ಅಂಗಡಿ. ಮೇಜಿನ ಮೇಲೆ ಹೆಬ್ಬೆರಳುದ್ದದ ಲಾಕೊಂದು ಬಿದ್ದಿತ್ತು. ಕಂಪ್ಯೂಟರಿನ ಬೆನ್ನಿಗೆ ಅದನ್ನು ಸಿಕ್ಕಿಸಿದರೆ ಮಾತ್ರ ಅವಳು ಕೊಂಡ ಕನ್ನಡ ಸಾಫ್ಟ್‌ವೇರ್ ಬಾಯಿ ಬಿಡುತ್ತಿತ್ತು. ಇನ್ನೊಬ್ಬರ ಲಾಕಿಗೆ ಅವಳ ಫೈಲು ತೆರೆಯದು. ಕಳೆದ ವಾರದ ಸಿಡಿಲಿಗೆ ಅದರ ಒಂದು ಮಗ್ಗುಲು ಕರಕಲಾಗಿತ್ತು.

ಪರದೆಯ ಮೇಲಿದ್ದುದು ಹೊನ್ನಕ್ಕನ ಹಾಡು. ಕೊಪ್ಪದ ಹತ್ತಿರದ ನಾರ್ವೆ ಊರಿನ ತೋಟಗಳಲ್ಲಿ ಕೂಲಿ ಮಾಡುತ್ತ ಅವಳು ಹಾಡುತ್ತಿದ್ದ, ಸೀತೆ ಕಾಡಿನಲ್ಲಿ ಒಬ್ಬಳೇ ಬಾಣಂತನ ಮಾಡಿಕೊಂಡ ಕಥೆ. ಅಜ್ಜಿಯಿಂದ ಅವಳಿಗೆ ಬಂದದ್ದು, ಅವಳ ನಂತರ ಯಾರಿಗೂ ಬಾರದ್ದು. ಎರಡು ಮಳೆಗಾಲ ಎದುರು ಕೂತು ವಾಸಪ್ಪ ಅದನ್ನು ಕೇಳಿ ಬರೆದುಕೊಂಡಿದ್ದ. ಲಾಕಿಲ್ಲದೆ ಬೇರೆ ಸಾಫ್ಟ್‌ವೇರಿನಲ್ಲಿ ತೆರೆದದ್ದರಿಂದ ಈಗ ಅಲ್ಲಿ ಬರೀ ಚೌಕ, ಕೊಕ್ಕೆ, ಪ್ರಶ್ನೆಚಿಹ್ನೆ. ಸೀತೆ ಅವುಗಳ ಒಳಗೆಲ್ಲೋ ಇದ್ದಳು.

"ಹಾಳೆ ಇದ್ದಿದ್ರೆ ಇನ್ನೊಂದ್ಸಲ ಟೈಪ್ ಮಾಡ್ಕೊಡ್ತಿದ್ನಲ್ಲ ಮಾರಾಯ್ರೆ. ಎಂತಕ್ಕೆ ಹೊಳೆಗೆ ಬಿಟ್ರಿ?"

ವಾಸಪ್ಪ ತಲೆ ತಗ್ಗಿಸಿದ. ದೇವರ ಕಥೆ ಬರೆದ ಹಾಳೆ ಕಾಲಿಗೆ ಸಿಗಬಾರದು, ರದ್ದಿಗೂ ಹೋಗಬಾರದು. ಟೈಪಾಯಿತು ಎಂದ ಮರುದಿನವೇ ಕುಂಕುಮ ಹಚ್ಚಿ, ಶೃಂಗೇರಿಗೆ ಹೋಗಿ, ತುಂಗೆಗೆ ಬಿಟ್ಟು ಕೈಮುಗಿದಿದ್ದ. ಮೀನುಗಳು ಮಂಡಕ್ಕಿಯೆಂದು ನುಗ್ಗಿ ಬಂದು ಹಾಳೆಗಳಿಗೆ ಬಾಯಿ ಹಾಕಿದ್ದವು. ತಾಯಿಯೇ ಸ್ವೀಕರಿಸಿದಳೆಂದು ಆಗ ಅವನ ಕಣ್ಣು ತುಂಬಿತ್ತು. ಪ್ರಿಂಟನ್ನು ಪುಸ್ತಕ ಮಾಡುವಾಗ ತೆಗೆದರಾಯಿತು ಎಂದುಕೊಂಡಿದ್ದರು ಇಬ್ಬರೂ.

"ಕಂಪನಿಯೋರು ಎಂತ ಅಂದ್ರು?"

"ಆ ಲಾಕ್ ಈಗ ಮಾಡ್ತಿಲ್ವಂತೆ. ಹೊಸ ಸಾಫ್ಟ್‌ವೇರ್ ತಗೊಳ್ಳಿ ಅಂದ್ರು. ಅದ್ರಲ್ಲಿ ಹಳೇ ಫೈಲ್ ತೆರೆಯುತ್ತಾ ಅಂದೆ. ಇಲ್ಲ ಅಂದ್ರು."

"ನೀನೇ ಹೇಳಿದ್ಯಲ್ಲ, ಒಳಗೆ ಬಿಚ್ಚಿ ನೋಡಿದ್ರೆ ಅಕ್ಷರ ಹೆಂಗೆ ಕಲೆಸಿದ್ದಾರೆ ಅಂತ ಗೊತ್ತಾಗುತ್ತೆ ಅಂತ?"

"ಗೊತ್ತಾಗುತ್ತೆ. ನಾನು ಓದಿದ್ದೇ ಅದನ್ನ. ಆದ್ರೆ ಬಿಚ್ಚಿ ನೋಡುವಂತಿಲ್ಲ ಅನ್ನೋ ಷರತ್ತಿಗೆ ಒಪ್ಪಿಯೇ ಹಾಕ್ಕೊಂಡಿದ್ದು."

"ದುಡ್ಡು ಕೊಟ್ಟು ತಗೊಂಡಿದ್ದಲ್ವಾ? ನಿನ್ನ ಪಾತ್ರೆ ಮುಚ್ಚಳ ನೀನು ತೆಗೆದ್ರೆ ಯಾರಿಗೆಂತ?"

"ವಕೀಲ್ರು ಎಂತ ಅಂದ್ರು, ಅದನ್ನ ಹೇಳಿ."

ನರಸಿಂಹರಾಜಪುರದ ವಕೀಲರು ದಪ್ಪ ಪುಸ್ತಕ ತಿರುವಿ ಹೇಳಿದ್ದನ್ನು ವಾಸಪ್ಪ ಒಪ್ಪಿಸಿದ. "ಕಾನೂನಲ್ಲಿ ದಾರಿ ಉಂಟಂತೆ. ಕೊಂಡವರು ಇಂಥಾ ಕಾರಣಕ್ಕೆ ನೋಡಬಹುದು ಅಂತ ವಾದ ಮಾಡಬಹುದಂತೆ."

"ಎಲ್ಲಿ ಮಾಡೋದು?"

"ಕೋರ್ಟಲ್ಲಿ."

"ಅಂದ್ರೆ, ಕೇಸು ಬಿದ್ದ ಮೇಲೆ." ಶಾಲಿನಿ ನಗಲು ಹೋದಳು, ಆಗಲಿಲ್ಲ. "ಆಚೆ ಅಂಗಡಿ ಪುಟ್ಟಪ್ಪನ ಕಂಪ್ಯೂಟರ್ ಪೊಲೀಸ್ರು ಹೊತ್ಕೊಂಡು ಹೋಗಿದ್ದು ನೋಡಿದ್ರಲ್ಲ? ಅವನದು ಕಳ್ಳಪ್ರತಿ. ನನ್ನದಕ್ಕೆ ಬಿಲ್ ಉಂಟು. ಆದ್ರೆ ಬಿಲ್ ತೋರಿಸಿದ್ರೆ ಅದರ ಹಿಂದೆ ಷರತ್ತೂ ಬರುತ್ತೆ. ಈ ಅಂಗಡಿ ಹೋದ್ರೆ ನಂಗೆ ಬೇರೆ ಎಂತ ಉಂಟು, ನೀವೇ ಹೇಳಿ."

ಅವಳು ಫೈಲನ್ನು ಸಿಡಿಗೆ ಹಾಕಿ, ಮೇಲೆ 'ಹೊನ್ನಕ್ಕನ ಹಾಡು' ಎಂದು ದುಂಡಗೆ ಬರೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಬಸ್ಸಿನಲ್ಲಿ ವಾಸಪ್ಪ ಕಣ್ಣು ಮುಚ್ಚಿ ಹಾಡನ್ನು ನೆನೆಯಲು ನೋಡಿದ. ಎಲೆಯೇ ತೊಟ್ಟಿಲಾಯ್ತು, ಗಾಳಿಯೇ ತೂಗೀತು ಎಂಬಲ್ಲಿಯವರೆಗೆ ಬಂತು. ಗಾಳಿ ತೂಗಿದ ಮೇಲೆ ಮಗು ಮಲಗಿತೋ, ಅತ್ತಿತೋ, ಎಷ್ಟು ತಿಣುಕಿದರೂ ತಿಳಿಯಲಿಲ್ಲ.

ನಾರ್ವೆಯಲ್ಲಿ ಹೊನ್ನಕ್ಕ ಜಗಲಿಯ ಚಾಪೆಯ ಮೇಲಿದ್ದಳು. ಲಕ್ವ ಹೊಡೆದಾಗಿನಿಂದ ಹಾಡು ಹೋಗಿತ್ತು. ಮಾತು ತುಣುಕು ತುಣುಕಾಗಿ ಬರುತ್ತಿತ್ತು. ಸಿಡಿ ಕಂಡು ಎಡಗೈ ಚಾಚಿದಳು. ಹೊಳೆಯುವ ಬದಿಯಲ್ಲಿ ತನ್ನ ಸೊಟ್ಟ ಮುಖ ನೋಡಿ ಅದನ್ನು ಮಗುಚಿ, ಎದೆಗೆ ಒತ್ತಿಕೊಂಡಳು.

"ಎಲ್ಲಾ... ಐತಾ, ಅಯ್ಯಾ?"

"ಎಲ್ಲಾ ಐತೆ ಹೊನ್ನಕ್ಕ."

"ಯಾರಾರ... ಕೆಡಿಸಿದ್ರೆ?"

"ಹೆಂಗೆ ಕೆಡಿಸ್ತಾರೆ?" ಎಂದ ವಾಸಪ್ಪ, ಅವಳ ಮುಖ ನೋಡಲಾರದೆ. "ಯಾರೂ ಬಿಚ್ಚಿ ನೋಡೋ ಹಂಗೇ ಇಲ್ಲ."