ಒಂಬತ್ತನೆಯ ಕೈ

ಮಗಳನ್ನು ಮೊದಲ ಸಲ ಎತ್ತಿಕೊಂಡ ದಿನವೇ ವಾರಿಜಾ ಮಾತು ಕೊಟ್ಟಿದ್ದಳು: "ನಮ್ಮಮ್ಮ ನನ್ನನ್ನ ಎಬ್ಬಿಸಿದ ಹಾಗೆ, ಮಾಡ್ತಿರೋ ಕೆಲಸದಿಂದ ಎಬ್ಬಿಸಿ ನಿನ್ನನ್ನ ಅಡುಗೆಮನೆಗೆ ಅಟ್ಟಲ್ಲ ಕಂದಾ."

ಹನ್ನೊಂದು ವರ್ಷ ಕಳೆದ ಮೇಲೆ ವಾರಿಜಾ ಪ್ರದರ್ಶನಕ್ಕೆಂದು ಪೆನ್ನಿನ ಚಿತ್ರವೊಂದನ್ನು ಬರೆಯುತ್ತಿದ್ದಳು. ಎಂಟು ಕೈಯ ಹೆಂಗಸು. ಸೌಟು, ಪೊರಕೆ, ಲ್ಯಾಪ್‌ಟಾಪ್, ಮಗುವಿನ ಶೂ, ಯಾವ ಕೈಗೂ ಬಿಡುವಿಲ್ಲ. ನೋಡಿದ ಗಂಡಸರೆಲ್ಲ ತಲೆ ತಗ್ಗಿಸಬೇಕು ಎಂಬುದು ಬರೆಯುತ್ತಿದ್ದ ಮಹಾತಾಯಿಯ ಹಟ. ಎಂಟನೆಯ ಕೈಯ ಉದ್ದ ಗೆರೆ ಎಳೆಯುತ್ತಿರುವಾಗಲೇ ಒಲೆಯ ಮೇಲಿಟ್ಟ ಹಾಲು ನೆನಪಾಯಿತು.

"ಚಿನ್ಮಯೀ, ಹಾಲು ಉಕ್ಕುತ್ತೆ, ನೋಡೇ! ಈಗ ಪೆನ್ನು ಎತ್ತಿದ್ರೆ ಗೆರೆ ಕೆಟ್ಟೋಗುತ್ತೆ."

"ನಾನೂ ಚಿತ್ರ ಬರೀತಿದೀನಮ್ಮಾ. ಅಣ್ಣ ಒಲೆ ಪಕ್ಕಾನೇ ಮೊಬೈಲ್ ಒತ್ತುತ್ತಾ ನಿಂತಿದಾನಲ್ಲ!"

"ಅವನಿಗೆ ಅದೆಲ್ಲ ತಿಳಿಯಲ್ಲ. ನೀನು ಏಳೇ!"

ಮಗಳು ಪೆನ್ಸಿಲ್ ಕೆಳಗಿಟ್ಟು ಓಡಿದಳು. ಒಲೆ ಆರಿಸಿ ಬಂದು, ಅಮ್ಮನ ಚಿತ್ರದ ಕೈಗಳನ್ನು ಬೆರಳಿಟ್ಟು ಎಣಿಸಿದಳು.

"ಒಂದು ಕೈ ಬಿಟ್ಟಿದೀಯಮ್ಮಾ."

"ಯಾವುದೇ ಅದು?"

"ಒಲೆ ಆರಿಸಿದ್ದು. ನಂದು."

ವಾರಿಜಾಳ ಗೆರೆ ಉಳಿದಿತ್ತು, ಕೊಟ್ಟ ಮಾತು ಉಳಿದಿರಲಿಲ್ಲ.