ಒಂದೇ ಹೆಸರು

ನಾಮಕರಣದ ದಿನ ಮನೋರಮಾ ಹಸುಗೂಸನ್ನು ತೊಟ್ಟಿಲಿಗೆ ಹಾಕದೆ, ನೆಂಟರೆಲ್ಲ ನೋಡುತ್ತಿದ್ದಂತೆ ನೆರೆಮನೆಯ ಅಪೊಲೋನಿಯಾಳ ಮಡಿಲಲ್ಲಿಟ್ಟಳು. ಕರೆದರೆಂದು ಬಂದು ಬಾಗಿಲ ಬಳಿಯೇ ಕುಳಿತಿದ್ದ ಅವಳು ಬೆಚ್ಚಿದಳು. ಕಳೆದ ಮಳೆಗಾಲ ಕಾಪುವಿನ ಹತ್ತಿರ ಹೊಳೆ ದಾಟಿಸುವ ಕಡವಿನ ದೋಣಿ ಮಗುಚಿದಾಗ, ಬಸುರಿ ಮನೋರಮಾಳನ್ನು ದಡಕ್ಕೆ ತಲುಪಿಸಿ ತಾನು ಹೊಳೆಯ ಪಾಲಾದವನು ಅಪೊಲೋನಿಯಾಳ ಒಬ್ಬನೇ ಮಗ, ಅಂಬ್ರೋಸ್.

"ಹೆಸರು ನೀವೇ ಕರೆಯಬೇಕು, ಬಾಯಮ್ಮ. ಅಮೃತಾ ಅಂತ."

"ನನ್ನಿಂದ ಆಗದು, ಮನೋರಮಾ. ನಿಮ್ಮವರು ಇಷ್ಟು ಜನ ಇದ್ದಾರಲ್ವಾ?"

"ಅಂಬ್ರೋಸ್ ಅಂದರೆ ಸಾವಿಲ್ಲದವನು ಅಂತ ನಿಮ್ಮ ಪಾದ್ರಿಗಳು ಹೇಳಿದರು. ನಮ್ಮಲ್ಲಿ ಅಮೃತ ಅಂದರೂ ಅದೇ ಅರ್ಥ. ಇಬ್ಬರದೂ ಒಂದೇ ಹೆಸರು."

ಅಪೊಲೋನಿಯಾ ಬಹಳ ಹೊತ್ತು ಮಗುವಿನ ಮುಖವನ್ನೇ ನೋಡಿದಳು. ಆಮೇಲೆ ಬಾಗಿ, ಅದರ ಪುಟ್ಟ ಕಿವಿಗೆ ತುಟಿ ತಾಗಿಸಿದಳು. ಅವಳು ಕರೆದದ್ದು "ಅಂಬ್ರೋಸ್" ಎಂದು.

ಮನೋರಮಾ ತಿದ್ದಲಿಲ್ಲ.